ಅಡುಗೆಮನೆಯ ಉತ್ತರದ ಗೋಡೆ

ಗೌಂಡಿ ಹೊಳಿಯಪ್ಪ ಅಡುಗೆಮನೆಯ ಮಾಳಿಗೆಯಿಂದ ಜಂತಿಯೊಂದನ್ನು ಹಗ್ಗ ಕಟ್ಟಿ ಇಳಿಸುತ್ತಿದ್ದಾಗ ಈಶಪ್ಪ ಕೆಳಗೆ ಬೀಸುಕಲ್ಲಿನ ಪಕ್ಕ ಕೂತು ಅದರ ತುದಿಯನ್ನೇ ನೋಡುತ್ತಿದ್ದ. ಹಿಂದಿನ ಮಧ್ಯಾಹ್ನ ಹೊಳಿಯಪ್ಪ ಬುತ್ತಿ ಉಣ್ಣಲು ಹೊರಗೆ ಹೋದಾಗ ಈಶಪ್ಪ ತಾನೇ ನಿಚ್ಚಣಿಕೆ ಹತ್ತಿ, ಒಂದೊಂದು ಜಂತಿಯ ತುದಿಗೂ ಬೆರಳಿನಿಂದ ಸುಣ್ಣದ ಬೊಟ್ಟು ಇಟ್ಟಿದ್ದ. ಮುತ್ತಜ್ಜ ಘಟ್ಟದ ಕಡೆಯಿಂದ ಬಂಡಿಗಳಲ್ಲಿ ತರಿಸಿದ ಸಾಗವಾನಿ ಅದು. ಈ ಹನುಮಸಾಗರದಲ್ಲಿ ಅಂಥ ಕಟ್ಟಿಗೆ ಈಗ ಎಲ್ಲಿ ಹುಡುಕಿದರೂ ಸಿಗದು. ಸಂಜೆ ಕತ್ತಲಾಗುವಾಗ ಗೌಂಡಿ ಒಂದನ್ನು ಅತ್ತ ಸಾಗಿಸಿ ಅದರ ಜಾಗಕ್ಕೆ ಬೇವಿನದೋ ಜಾಲಿಯದೋ ಮಸಿ ಬಳಿದು ಕೂರಿಸಿದರೆ ಯಾರಿಗೆ ಗೊತ್ತಾಗುತ್ತದೆ? ಜಂತಿ ನೆಲ ಮುಟ್ಟಿತು. ಹೊಳಿಯಪ್ಪ ಇಳಿದು ಬಂದು ತುದಿಯ ಬೊಟ್ಟನ್ನು ಹೆಬ್ಬೆರಳಿನಿಂದ ಸವರಿ, "ಸಾವ್ಕಾರ್ರ, ಈ ಗುರುತು ನೀವ ಹಾಕೀರೇನ್ರಿ?" ಎಂದ. ಈಶಪ್ಪನ ಕಿವಿ ಬಿಸಿಯಾಯಿತು. "ಛಲೋ ಮಾಡೀರಿ ಬಿಡ್ರಿ. ತಿರುಗಿ ಕೂಡಸೂ ಮುಂದ ಯಾವ್ದು ಎಲ್ಲಿದು ಅಂತ ಹುಡುಕೂದು ತಪ್ಪಿತು." ಆ ಮಾತಿನಲ್ಲಿ ಕೊಂಕು ಇದೆಯೇ ಎಂದು ಈಶಪ್ಪ ಅವನ ಮುಖ ಹುಡುಕಿದ. ಮಣ್ಣು ಮೆತ್ತಿದ ಮುಖದಲ್ಲಿ ಏನೂ ಕಾಣಲಿಲ್ಲ. ಏನೂ ಕಾಣದ ಮುಖಗಳ ಮೇಲೇ ಅವನಿಗೆ ಹೆಚ್ಚು ಅಪನಂಬಿಕೆ.

ಹಿಂದಿನ ಮಳೆಗಾಲದಲ್ಲಿ ಅಡುಗೆಮನೆಯ ತೊಲೆಯೊಂದು ಗೆದ್ದಲು ಹಿಡಿದು ಬಾಗಿತ್ತು. ಈ ಬೇಸಗೆಯಲ್ಲಿ ಮರಮತ್ತು ಮಾಡಿಸದಿದ್ದರೆ ಮುಂದಿನ ಮಳೆಗೆ ಮಾಳಿಗೆಯ ಮಣ್ಣೆಲ್ಲ ಒಲೆಯ ಮೇಲೆ ಬೀಳುವುದು ಖಂಡಿತವಾಗಿತ್ತು. ಗಜೇಂದ್ರಗಡದ ಬೀಗರು, "ಯಾಕ ಒದ್ದಾಡ್ತೀರಿ, ಕೆಡವಿ ಹೊಸಾದ ಕಟ್ಟಸ್ರಿ. ಗದಗಿನಾಗ ಸಿಮೆಂಟ ಬಂದೈತಿ, ಜರ್ಮನಿ ಲಡಾಯಿ ಜೋರಾದ್ರ ಅದೂ ಸಿಗೂದಿಲ್ಲ" ಎಂದಿದ್ದರು. ಬ್ರಿಟಿಷ್ ಸೀಮೆಯಿಂದ ನಿಜಾಮರ ಸೀಮೆಗೆ ಬರುವ ಸುಂಕದ ನಾಕಾದಲ್ಲಿ ತಮ್ಮ ಗುರುತಿನವನಿದ್ದಾನೆ ಎಂದೂ ಹೇಳಿದ್ದರು. ತನ್ನ ಮನೆ ಕೆಡವಿಸುವುದರಲ್ಲಿ ಬೀಗರಿಗೆ ಇಷ್ಟು ಉಮೇದು ಯಾಕೆ ಎಂದು ಈಶಪ್ಪ ಎರಡು ದಿನ ಯೋಚಿಸಿದ್ದ. ಈ ಮನೆಯನ್ನು ನೋಡಲಿಕ್ಕೆಂದೇ ಜನ ಬರುತ್ತಿದ್ದರು. ಪಡಸಾಲೆಯ ಕಂಬಗಳಲ್ಲಿ ಕೆತ್ತಿದ ಗಿಳಿಗಳು, ಮೈ ಬಗ್ಗಿಸಿ ದಾಟಬೇಕಾದ ತಲೆಬಾಗಿಲು, ಕನ್ನಡಿಯಂತೆ ಮುಖ ಕಾಣಿಸುವ ಗಚ್ಚಿನ ಗೋಡೆ. ಕುಷ್ಟಗಿಯಿಂದ ಬಂದಿದ್ದ ತಹಶೀಲದಾರರು ಒಮ್ಮೆ ಕಂಬದ ಮೇಲೆ ಕೈಯಾಡಿಸಿ, "ಇಂಥಾದ್ದು ತಾಲ್ಲೂಕಿನಾಗ ಇನ್ನೊಂದಿಲ್ಲ" ಎಂದಾಗ ಅಪ್ಪ ಬರೀ ತಲೆ ಆಡಿಸಿದ್ದ. ಅವರು ಹೋದ ಮೇಲೆ ಕಂಬದ ಹತ್ತಿರ ಹೋಗಿ ಅವರು ಮುಟ್ಟಿದ ಜಾಗವನ್ನು ಧೋತರದ ಚುಂಗಿನಿಂದ ಒರೆಸಿದ್ದ. ಸಾಯುವ ಮುಂದೆ ಅಪ್ಪ ಈಶಪ್ಪನ ಮುಂಗೈ ಹಿಡಿದು, "ಇದ್ದದ್ದು ಇದ್ದಂಗ ಇರಲಿ" ಎಂದಿದ್ದ. ಹನ್ನೆರಡು ವರ್ಷಗಳಿಂದ ಈಶಪ್ಪ ಆ ಮಾತು ಉಳಿಸಿಕೊಂಡಿದ್ದ. ಈಗಲೂ ಹೊಳಿಯಪ್ಪನಿಗೆ ವೀಳ್ಯ ಕೊಡುವಾಗ ಹೇಳಿದ್ದು ಒಂದೇ ಮಾತು: "ಎಲ್ಲಾ ಮೊದಲಿದ್ದಂಗ ಆಗಬೇಕು. ಒಂದ ಕೂದಲೆಳಿ ಹೆಚ್ಚು ಕಮ್ಮಿ ಆಗಬಾರದು."

ಕೂದಲೆಳೆಯಷ್ಟು ಹೆಚ್ಚು ಬೇಕೆಂದು ಕೇಳಿದವಳು ಪಂಪಾವತಿ. ಮದುವೆಯಾಗಿ ಬಂದ ವರ್ಷವೇ ಕೇಳಿದ್ದಳು, ಅಡುಗೆಮನೆಯ ಉತ್ತರದ ಗೋಡೆಗೆ ಒಂದು ಕಿಡಕಿ. ಆ ಕೋಣೆಯ ಹೊಗೆಗೆ ಮಾಳಿಗೆಯ ಬೆಳಕಿಂಡಿಯೊಂದೇ ದಾರಿ. ಗಾಳಿ ತಿರುಗಿದ ದಿನ ಆ ಹೊಗೆಯೂ ಹೋದ ದಾರಿಯಲ್ಲೇ ಮರಳಿ ಇಳಿದು ಬರುತ್ತಿತ್ತು. ಅಂಥ ಕೋಣೆಯಲ್ಲಿ ನಲವತ್ತು ವರ್ಷ ರೊಟ್ಟಿ ಬಡಿದು ಅವನ ಅವ್ವ ಕಳಕಮ್ಮನ ಕಣ್ಣು ಮಂಜಾಗಿದ್ದವು. ಈಗ ಅವಳಿಗೆ ಬೆಳಕಿನಲ್ಲಿ ಆಕಾರಗಳಷ್ಟೇ ಕಾಣುತ್ತಿದ್ದವು. ಪಂಪಾವತಿಗೆ ಕೆಮ್ಮು ಹತ್ತಿತ್ತು. ಹೆತ್ತ ಎರಡೂ ಕೂಸು ಉಳಿಯಲಿಲ್ಲ. ಎರಡನೆಯದು ಹೋದ ಮೇಲೆ ಕೆಮ್ಮು ಜೋರಾಯಿತು. ಈಶಪ್ಪ ಅದನ್ನು ಕೇಳಿಸಿಕೊಳ್ಳುತ್ತಿದ್ದ, ಆದರೆ ಬೇರೆಯದೇ ರೀತಿಯಲ್ಲಿ. ತಾನು ಮನೆಯಲ್ಲಿದ್ದಾಗಲೇ ಅದು ಹೆಚ್ಚಾಗುತ್ತದೆಯೇ? ಒಂದು ದಿನ ತನ್ನ ಬಟ್ಟೆಯ ಅಂಗಡಿಗೆ ಹೋಗುತ್ತೇನೆಂದು ಹೊರಟು, ತಲೆಬಾಗಿಲಿನ ಮರೆಯಲ್ಲಿ ಜೋಡು ಕಳಚಿ ಕೈಯಲ್ಲಿ ಹಿಡಿದು ಕಿವಿಗೊಟ್ಟು ನಿಂತಿದ್ದ. ತುಂಬ ಹೊತ್ತು ಒಳಗಿನಿಂದ ರೊಟ್ಟಿ ಬಡಿಯುವ ಸದ್ದಷ್ಟೇ ಬಂತು. ಅವನೊಳಗೆ ಗೆದ್ದಂಥ ಒಂದು ಸಣ್ಣ ಸಂತೋಷ ಏಳುತ್ತಿತ್ತು. ಅಷ್ಟರಲ್ಲಿ ಕೆಮ್ಮು ಶುರುವಾಯಿತು, ನಿಲ್ಲಲೇ ಇಲ್ಲ, ಕೊನೆಗೆ ಅವಳು ಗೋಡೆ ಹಿಡಿದು ಕುಕ್ಕರಿಸಿದ ಸದ್ದೂ ಬಂತು. ಅವನು ಒಳಗೆ ಹೋಗಲಿಲ್ಲ. ಹೋದರೆ ಇಷ್ಟು ಹೊತ್ತು ಎಲ್ಲಿದ್ದಿರಿ ಎಂಬ ಪ್ರಶ್ನೆ ಬರುತ್ತಿತ್ತು. ಜೋಡು ಕೈಯಲ್ಲಿ ಹಿಡಿದೇ ಓಣಿಯ ತಿರುವಿನವರೆಗೆ ನಡೆದ.

ಉತ್ತರದ ಗೋಡೆಯ ಆಚೆ ಹಿಂದಿನ ಓಣಿ. ಓಣಿಯ ಆ ಬದಿಗೆ ಪಿಂಜಾರರ ಮುದುಕಿ ಅಬೇದಾಬಿಯ ಮನೆ. ಅವಳು ತೀರಿಹೋಗಿ ಬಹಳ ವರ್ಷಗಳಾಗಿದ್ದವು. ಅವಳ ಮಗ ಮುಂದಿನ ಕೋಣೆಯನ್ನು ಹೋದ ವರ್ಷ ಸಾಲಿ ಮಾಸ್ತರ ದೇವೇಂದ್ರಪ್ಪನಿಗೆ ಬಾಡಿಗೆಗೆ ಕೊಟ್ಟಿದ್ದ. ಬಾಚಿದ ಕ್ರಾಪು, ಗದಗಿನಿಂದ ಬರುವ ಪತ್ರಿಕೆ, ಸಂಜೆ ಕಟ್ಟೆಯ ಮೇಲೆ ಕೂತು ದೊಡ್ಡ ದನಿಯಲ್ಲಿ ಓದುವ ಚಾಳಿ. ಈ ಬೇಸಗೆ ಮರಮತ್ತಿನ ಮಾತು ಬಂದಾಗ ಪಂಪಾವತಿ ಕಿಡಕಿಯ ಮಾತನ್ನು ಮತ್ತೆ ತೆಗೆದಳು. ಮಾಸ್ತರ ಬಂದು ಕೂತಲ್ಲಿಗೇ ಇವಳಿಗೆ ಕಿಡಕಿ ಬೇಕಾಗಿದೆ ಎಂದು ಈಶಪ್ಪನಿಗೆ ಹೊಳೆಯಿತು. ಹೊಳೆದದ್ದು ಒಳಗೆ ಇಳಿದು ಕೂತಿತು. ಬಾಯಿಂದ ಮಾತ್ರ, "ಹಳೇ ಗ್ವಾಡಿಗೆ ತೂತು ಕೊರದ್ರ ಮನಿ ಚೆಲುವು ಹೋಗ್ತೈತಿ" ಎಂದಿದ್ದ.

ಆ ದಿನ ಹೊಳಿಯಪ್ಪ ತೊಲೆಯ ತುದಿ ಕೂತಿದ್ದ ಜಾಗವನ್ನು ಬಿಡಿಸಲು ಉತ್ತರದ ಗೋಡೆಯ ಗಚ್ಚನ್ನು ಕೆರೆಯತೊಡಗಿದ. ಮಾಳಿಗೆ ಅರ್ಧ ತೆರೆದಿದ್ದರಿಂದ ಎಷ್ಟೋ ಕಾಲದ ನಂತರ ಆ ಕೋಣೆಗೆ ನೇರ ಬಿಸಿಲು ಬಿದ್ದಿತ್ತು. ಮಸಿ ಹಿಡಿದ ಮೂಲೆಗಳು ನಾಚಿಕೆಯಿಲ್ಲದೆ ಎದ್ದು ಕಾಣುತ್ತಿದ್ದವು. ಉಳಿ ಬಡಿಯುತ್ತಿದ್ದ ಹೊಳಿಯಪ್ಪ ನಿಲ್ಲಿಸಿ ಕಿವಿಗೊಟ್ಟ, ಸುತ್ತಿಗೆಯ ಹಿಂಭಾಗದಿಂದ ಅಲ್ಲಲ್ಲಿ ತಟ್ಟಿದ. ಎದೆಯೆತ್ತರದ ಒಂದು ಜಾಗದಲ್ಲಿ ಸದ್ದು ಬದಲಾಯಿತು. "ಇಲ್ಲಿ ಪೊಳ್ಳ ಐತ್ರಿ" ಎಂದ. ಈಶಪ್ಪ ಎದ್ದು ನಿಂತ. ಹಳೆಯ ಗೋಡೆ, ಪೊಳ್ಳು ಸದ್ದು. ಊರ ತುಂಬ ಇಂಥ ಕತೆಗಳಿದ್ದವು. ಅವನು ಪಡಸಾಲೆಯ ಕಡೆಯ ಕದ ದೂಡಿ ಅಗಳಿ ಹಾಕಿದ. ಬಂದು ಹೊಳಿಯಪ್ಪನ ಬೆನ್ನಿಗೆ ಹತ್ತಿರವಾಗಿ, ಅವನ ಎರಡೂ ಕೈ ಕಾಣುವಂತೆ ನಿಂತು, "ಸಾವಕಾಶ ತಗೀ" ಎಂದ. ತನ್ನ ದನಿ ಪಿಸುಗುಟ್ಟುತ್ತಿರುವುದು ಅವನಿಗೇ ಕೇಳಿ ಹೇಸಿಗೆಯಾಯಿತು. ಗಚ್ಚು ಹಪ್ಪಳವಾಗಿ ಉದುರಿತು. ಸುತ್ತಲಿನ ಗೋಡೆ ಕಡೆದ ದೊಡ್ಡ ಕಲ್ಲಿನದು. ಈ ಜಾಗದಲ್ಲಿ ಮಾತ್ರ ಸಣ್ಣ ಕಲ್ಲು, ಒಡೆದ ಹಂಚಿನ ಚೂರು, ಮಣ್ಣು. ಹೊಳಿಯಪ್ಪ ಕೈಯಿಂದಲೇ ಮಣ್ಣು ಎಳೆದ. ಮೇಲೆ ಅಡ್ಡ ಮಲಗಿದ್ದ ಒಂದು ಸಾಗವಾನಿ ಪಟ್ಟಿ ಕಂಡಿತು, ಆಮೇಲೆ ಅದರ ಕೆಳಗೆ ಎರಡು ನಿಲುವುಗಳು, ಕೊನೆಗೆ ಎದೆಯ ಮಟ್ಟಕ್ಕೆ ಒಂದು ಹಲಗೆ. ಚೌಕಟ್ಟಿನ ಮೇಲ್ಗಡೆ ಪಡಸಾಲೆಯ ಕಂಬದ ಮೇಲಿದ್ದಂಥವೇ ಎರಡು ಗಿಳಿಗಳು, ಮೂಗಿಗೆ ಮೂಗು ಹಚ್ಚಿಕೊಂಡು.

"ಕಿಡಕಿರಿ" ಎಂದ ಹೊಳಿಯಪ್ಪ. ಸಂತೋಷವಾಗಿತ್ತು ಅವನಿಗೆ. "ಮನಿ ಕಟ್ಟಿದಾಗಿಂದೂ ಇದ್ದದ್ದು. ಮುಚ್ಚಿದ್ದು ಆಮ್ಯಾಗ. ಈ ಮಣ್ಣ ಕೂಡಿಸಿದ ರೀತಿ ನೋಡ್ರಿ, ಇದು ನಮ್ಮಪ್ಪನ ಕೈ. ನಿಮ್ಮಪ್ಪಾರು, ದೊಡ್ಡ ಸಾವ್ಕಾರ್ರು ಮುಚ್ಚಿಸಿರಬೇಕು."

ಈಶಪ್ಪ ಹಲಗೆಯನ್ನು ನೋಡುತ್ತಿದ್ದ. ಅದರ ಒಳಬದಿಯ ಅಂಚು ಎರಡು ಕಡೆ ಸವೆದು ನುಣುಪಾಗಿ, ಸ್ವಲ್ಪ ತಗ್ಗಾಗಿತ್ತು. ಒಂದು ಮೊಳದಷ್ಟು ಅಂತರ. ಯಾರೋ ಅಲ್ಲಿ ಮೊಣಕೈ ಊರಿ ನಿಲ್ಲುತ್ತಿದ್ದರು. ಒಂದೆರಡು ದಿನವಲ್ಲ, ಕಟ್ಟಿಗೆ ಸವೆಯುವಷ್ಟು ದಿನ. ಅವನಿಗೆ ಥಟ್ಟನೆ ಒಲೆಯ ಪಕ್ಕದ ನೆಲದ ಮೇಲೆ ಬಿದ್ದ ಚೌಕಾಕಾರದ ಬಿಸಿಲು ನೆನಪಾಯಿತು, ಅದರ ನಡುವೆ ಮಲಗಿದ ಒಂದು ಬೆಕ್ಕು. ಆ ಬಿಸಿಲನ್ನು ಅವನು ಯಾವಾಗಲೂ ಯಲಬುರ್ಗಾದ ಸೋದರತ್ತೆಯ ಮನೆಯದೆಂದು ತಿಳಿದಿದ್ದ.

"ಮುಚ್ಚು" ಎಂದ.

"ಆಂ?"

"ಇದ್ದಂಗ ಮುಚ್ಚಿಬಿಡು. ಮೊದಲಿದ್ದಂಗ ಅಂತ ಹೇಳೇನಿಲ್ಲ ನಿನಗ?"

ಹೊಳಿಯಪ್ಪ ಕೈಯ ಮಣ್ಣು ಉದುರಿಸಿಕೊಂಡ. ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. "ಹೇಳೀರ್ರಿ. ಆದ್ರ ಯಾವ ಮೊದಲರಿ? ನಿಮ್ಮ ಮುತ್ತಜ್ಜಾರ ಮೊದಲು ಬ್ಯಾರೆ, ದೊಡ್ಡ ಸಾವ್ಕಾರ್ರ ಮೊದಲು ಬ್ಯಾರೆ ಆತಲ್ರಿ."

ಕದದ ಆಚೆಯಿಂದ ಪಂಪಾವತಿ, "ಕದ ಯಾಕ ಹಾಕೀರಿ?" ಎಂದಳು. ಈಶಪ್ಪ ತೆಗೆಯಲೇಬೇಕಾಯಿತು. ಅವಳ ಹಿಂದೆ, ಅವಳ ಸೆರಗಿನ ತುದಿ ಹಿಡಿದು ಅವ್ವನೂ ಬಂದಳು. ಪಂಪಾವತಿ ಗೋಡೆ ನೋಡಿದಳು. ಅವಳ ಕೈ ಬಾಯಿಗೆ ಹೋಯಿತು, ಅಲ್ಲೇ ಉಳಿಯಿತು. ಆಮೇಲೆ ಅವಳು ನೋಡಿದ್ದು ಗಂಡನನ್ನಲ್ಲ, ಅತ್ತೆಯನ್ನು. "ಅತ್ತಿ, ಇಲ್ಲಿ ಕಿಡಕಿ ಇತ್ತು."

"ಹೂಂ" ಎಂದಳು ಕಳಕಮ್ಮ.

"ನಿಮಗ ಗೊತ್ತಿತ್ತು. ಹನ್ನೊಂದ ವರ್ಷ ನಾ ಒಂದ ಕಿಡಕಿ ಸಲುವಾಗಿ ಇವರ ಮುಂದ ಕೈಮುಗದೀನಿ. ನೀವ ಇಲ್ಲೇ ಕುಂತು ಕೇಳೀರಿ. ಒಂದ ಮಾತ ಹೇಳಲಿಲ್ಲ."

"ಹೇಳಿದ್ರ ಯಾಕ ಮುಚ್ಚಿದ್ರು ಅಂತ ಕೇಳ್ತಿದ್ದಿ" ಎಂದಳು ಮುದುಕಿ, ರೊಟ್ಟಿ ಹಿಟ್ಟು ಮುಗಿದಿದೆ ಎಂದು ಹೇಳುವಷ್ಟು ಸಾದಾ ದನಿಯಲ್ಲಿ. ಆಮೇಲೆ ಬೆಳಕು ಬರುತ್ತಿದ್ದ ಕಡೆಗೆ ಮುಖ ತಿರುಗಿಸಿ, "ಅಬೇದಾಬಿ ಅಂಗಳದಾಗ ಬೇವಿನ ಗಿಡ ಇತ್ತು. ಐತೇನು ಇನ್ನಾ?" ಎಂದಳು. ಹೊಳಿಯಪ್ಪ, "ಐತ್ರಿ ಅಮ್ಮಾರ, ಭಾಳ ದೊಡ್ಡದಾಗೈತಿ" ಎಂದ.

ಮಧ್ಯಾಹ್ನ ಪಡಸಾಲೆಯಲ್ಲಿ ಊಟಕ್ಕೆ ಕೂತಾಗ ಪಂಪಾವತಿ ಬಡಿಸಿದಳು, ಮಾತಾಡಲಿಲ್ಲ. ಈಶಪ್ಪನಿಗೆ ಮೌನ ತಡೆಯಲಾಗಲಿಲ್ಲ. ಅದು ತನ್ನ ಮೇಲೆ ಹೊರಿಸುತ್ತಿರುವ ಆರೋಪದಂತೆ ಕಂಡಿತು. "ಮುಚ್ಚಿಸ್ಯಾರ ಅಂದ್ರ ಅಪ್ಪಗ ಏನೋ ಕಾರಣ ಇರಬೇಕು" ಎಂದ. ಅವಳು ಪಲ್ಯದ ಬಟ್ಟಲು ಕೆಳಗಿಟ್ಟಳು. "ಅಷ್ಟಕ್ಕೂ ಅಲ್ಲಿಂದ ನಿನಗ ನೋಡೂದ್ ಏನೈತಿ?"

"ಏನೂ ಇಲ್ರಿ. ಹೊಗಿ ಹೊರಗ ಹೋಗಬೇಕು, ಅಷ್ಟ."

"ಎದುರಿಗೆ ಮಾಸ್ತರ ಅದಾನ."

ಹೇಳಬಾರದಾಗಿತ್ತು. ಪಂಪಾವತಿ ಅಳುತ್ತಾಳೆ ಎಂದುಕೊಂಡ. ಅತ್ತಿದ್ದರೆ ಅವನಿಗೆ ಸಲೀಸಾಗುತ್ತಿತ್ತು. ಅವಳು ಅವನ ಮುಖವನ್ನೇ ನೋಡಿದಳು, ಅಳೆಯುವಂತೆ, ಬಟ್ಟೆಯ ನೂಲನ್ನು ಬೆರಳಿನ ನಡುವೆ ಹಿಡಿದು ಅವನು ನೋಡುತ್ತಿದ್ದ ಹಾಗೆ. "ಮಾಸ್ತರನ್ನ ನೋಡಾಕ ಕಿಡಕಿ ಯಾಕ ಬೇಕ್ರಿ? ದಿನಾ ಮುಂಜಾನಿ ಬಾವಿಗೆ ಹೋದ್ರ ಎದುರಿಗೆ ಬರ್ತಾನ. ಅಂವ ಬಂದು ಒಂದ ವರ್ಷ ಆತು. ನಾ ಕಿಡಕಿ ಕೇಳಾಕ್ಹತ್ತಿ ಹನ್ನೊಂದ ವರ್ಷ ಆತು. ಮೊದಲಿನ ಹತ್ತ ವರ್ಷ ಯಾರನ್ನ ನೋಡಾಕ ಕೇಳಿದ್ನಿ, ಅದನ್ನೂ ನೀವ ಹೇಳಿಬಿಡ್ರಿ." ಅವಳು ಎದ್ದು ಹೋದಳು. ಒಳಗೆ ಕೆಮ್ಮಿದಳು. ಈ ಸಲ ಅದು ನಿಜವೋ ಅಲ್ಲವೋ ಎಂದು ಯೋಚಿಸಲು ಅವನಿಗೆ ಧೈರ್ಯವಾಗಲಿಲ್ಲ. ಆದರೂ ಮನಸ್ಸು ತನ್ನ ಪಾಡಿಗೆ ಯೋಚಿಸಿತು.

ಅಂಗಡಿಗೆ ಹೋಗಲು ಅಂಗಳ ದಾಟುವಾಗ ಮೂಗಿಗೆ ಬೆಲ್ಲದ ವಾಸನೆ ಬಡಿಯಿತು. ಮೂಲೆಯಲ್ಲಿ ಹೊಳಿಯಪ್ಪ ಸುಣ್ಣ ಅರೆಯುತ್ತಿದ್ದ ಕಲ್ಲಿನ ಪಕ್ಕ ಗಡಿಗೆಯಲ್ಲಿ ಬೆಲ್ಲ ನೆನೆಸಿಟ್ಟಿದ್ದ. ಗಚ್ಚು ಗಟ್ಟಿಯಾಗಲು ಆ ನೀರು ಬೇಕು. ಈಶಪ್ಪ ನಿಂತುಬಿಟ್ಟ. ಅಪ್ಪನ ಅಂಗಿಯ ಒಳಜೇಬಿನಲ್ಲಿ ಬೆಲ್ಲದ ಹೆಂಟೆ ಇರುತ್ತಿತ್ತು, ಕಾಗದದಲ್ಲಿ ಸುತ್ತಿದ್ದು. ಸಂಜೆ ಅಂಗಡಿಯಿಂದ ಬಂದವನೇ ಅವನನ್ನು ಪಡಸಾಲೆಯ ಕಂಬದ ಹಿಂದಕ್ಕೆ ಕರೆದು, ಮೊಣಕಾಲ ನಡುವೆ ನಿಲ್ಲಿಸಿಕೊಂಡು, ಬಹಳ ಪ್ರೀತಿಯಿಂದ ಕೇಳುತ್ತಿದ್ದ: "ಇವತ್ತ ನಿಮ್ಮವ್ವ ಏನೇನ್ ಮಾಡಿದ್ಲು? ಯಾರ ಕೂಡ ಮಾತಾಡಿದ್ಲು?" ಹೇಳಿದ ಮೇಲೆ ಬೆಲ್ಲ. ಹೇಳುವುದು ಏನೂ ಇರದ ದಿನ ಬೆಲ್ಲ ಜೇಬಿನಲ್ಲೇ ಉಳಿಯುತ್ತಿತ್ತು. ಆರು ವರ್ಷದವನಿಗೆ ಅದು ಬೇಗ ಅರ್ಥವಾಗಿತ್ತು. ಒಂದು ಸಂಜೆ ಅವನು, "ಅವ್ವ ಕಿಡಕ್ಯಾಗ ನಿಂತು ನಕ್ಕಳು" ಎಂದ. ಅದು ನಿಜವೇ. ಓಣಿಯ ಆಚೆ ಅಬೇದಾಬಿ ಅರಳೆ ಹಿಂಜುತ್ತ ಏನೋ ಹೇಳಿದ್ದಳು, ಅವಳ ತಲೆ ಹುಬ್ಬೆಲ್ಲ ಅರಳೆ ಹತ್ತಿ ಬೆಳ್ಳಗಾಗಿದ್ದವು, ಅವ್ವ ಮೊಣಕೈ ಊರಿ, ಹೊಟ್ಟೆ ಹಿಡಿದುಕೊಳ್ಳುವಷ್ಟು ನಕ್ಕಿದ್ದಳು. "ಯಾರ ಕೂಡ ನಕ್ಕಳು?" ಎಂದ ಅಪ್ಪ. ಅವನ ಮೊಣಕಾಲುಗಳು ಬಿಗಿಯಾದವು. ಆ ಬಿಗಿತ ಹುಡುಗನಿಗೆ ಇಷ್ಟವಾಯಿತು, ತನ್ನ ಮಾತಿಗೆ ಇಷ್ಟು ಬೆಲೆ ಬಂದದ್ದು ಅದೇ ಮೊದಲು. ಅಬೇದಾಬಿಯ ಕೂಡ ಎಂದರೆ ಸಪ್ಪೆಯಾಗುತ್ತದೆ ಎಂದು ಅನ್ನಿಸಿತೋ, ಅಥವಾ ಬೆಲ್ಲ ದೊಡ್ಡದಾಗಲಿ ಎಂದೋ, "ಯಾರೋ ಗಂಡಸರು" ಎಂದಿದ್ದ. ಆಮೇಲಿನದು ನೆನಪಿಲ್ಲ. ಬೆಲ್ಲ ಸಿಕ್ಕಿತೇ? ಅದೂ ನೆನಪಿಲ್ಲ. ಅವ್ವ ಆಮೇಲೆ ನಕ್ಕದ್ದು ನೆನಪಿದೆಯೇ ಎಂದು ಅಂಗಳದ ಬಿಸಿಲಲ್ಲಿ ನಿಂತು ಹುಡುಕಿದ. ಅತ್ತೆಯ ಮನೆಯ ಮದುವೆಯಲ್ಲಿ, ಜೋಳದ ಸುಗ್ಗಿಯಲ್ಲಿ, ತಾನು ಗಂಗಾವತಿಯಿಂದ ಮೊದಲ ಸಲ ಸೀರೆ ತಂದುಕೊಟ್ಟಾಗ. ಎಲ್ಲ ಕಡೆ ಅವಳ ಮುಖ ಕಂಡಿತು, ನಗು ಕಾಣಲಿಲ್ಲ. ಅದೂ ತನ್ನ ಮನಸ್ಸು ಕಟ್ಟಿದ್ದೇ ಇರಬಹುದು. ತನ್ನ ನೆನಪಿನ ಮೇಲೂ ಅವನಿಗೆ ಸಂಶಯ ಬಂತು, ಮತ್ತು ಆ ಸಂಶಯ ಹಿತವಾಗಿತ್ತು.

ಅಂಗಡಿಯಲ್ಲಿ ಹಳ್ಳಿಯಿಂದ ಬಂದ ಒಬ್ಬ ಗಿರಾಕಿ ಧೋತರ ಕೇಳಿದ. ಈಶಪ್ಪ ಸೀರೆ ತೆಗೆದು ಹಾಸಿದ. ಗಿರಾಕಿ ನಕ್ಕ. ಸಂಜೆ ಮನೆಗೆ ಬಂದಾಗ ಹೊಳಿಯಪ್ಪ ಕೈಕಾಲು ತೊಳೆದುಕೊಂಡು ಅಪ್ಪಣೆಗಾಗಿ ಕಾಯುತ್ತಿದ್ದ. ಗೋಡೆ ಅರ್ಧ ತೆರೆದೇ ಇತ್ತು. ಅವ್ವ ಹೊಸಿಲ ಮೇಲೆ ಜೋಳ ಹಸನು ಮಾಡುತ್ತ ಕೂತಿದ್ದಳು, ಕಣ್ಣಿನಿಂದಲ್ಲ, ಬೆರಳಿನಿಂದ. ಅವಳ ಮುಂದೆ ಕೂತು, ಅಪ್ಪಗೆ ಹೇಳಿದವನು ನಾನು, ಎನ್ನಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದ. ಅವಳು ತಲೆ ಎತ್ತಿ, "ಯಾಕಪಾ, ಇವತ್ತ ಲಗೂನ ಬಂದಿ?" ಎಂದಳು. ಜೋಡಿಸಿದ್ದು ಉದುರಿತು. ಅವನು ಹೊಳಿಯಪ್ಪನ ಕಡೆ ತಿರುಗಿ, ಬೇಕಾದದ್ದಕ್ಕಿಂತ ಗಡಸಾಗಿ, "ಮುತ್ತಜ್ಜ ಕಟ್ಟಿದ್ದ ಮೊದಲು. ಕಿಡಕಿ ಪೂರಾ ತಗೀ. ಅದ ಚೌಕಟ್ಟ ಇರಲಿ, ಕಂಬಿ ಮಾತ್ರ ಹೊಸಾವು ಹಾಕು" ಎಂದ. ಮನೆಯ ಹಳೆಯ ರೂಪ ಉಳಿಸುವವನ ಮಾತು ಅದು, ಗಂಡನ ಮಾತಲ್ಲ. ಒಳಗಿದ್ದ ಪಂಪಾವತಿಗೆ ಕೇಳಿಸಿರಬೇಕು. ಅವಳು ಹೊರಗೆ ಬರಲಿಲ್ಲ.

ಇಪ್ಪತ್ತು ದಿನದಲ್ಲಿ ಅಡುಗೆಮನೆ ಮುಗಿಯಿತು. ಬೊಟ್ಟು ಇಟ್ಟ ಜಂತಿಗಳು ಒಂದೂ ಕಳೆಯದೆ ತಮ್ಮ ತಮ್ಮ ಜಾಗಕ್ಕೆ ಹೋದವು. ಗೆದ್ದಲು ತಿಂದ ತೊಲೆಗೆ ಹೊಳಿಯಪ್ಪ ಹೊಸ ಕಟ್ಟಿಗೆ ಕೂಡಿಸಿದ ಬೆಸುಗೆ ಎಲ್ಲಿದೆ ಎಂದು ಹುಡುಕಿದರೂ ಸಿಗುತ್ತಿರಲಿಲ್ಲ. ಗಿಳಿಗಳ ಕೆಳಗಿನಿಂದ ಹೊಗೆ ತೆಳ್ಳಗೆ ಓಣಿಗೆ ಹರಿದು ಹೋಗುತ್ತಿತ್ತು. ನೋಡಿದವರೆಲ್ಲ ಹೊಗಳಿದರು. ಈಶಪ್ಪ ಹೊಗಳಿಕೆ ಕೇಳಿಸಿಕೊಳ್ಳುತ್ತ ಅವರ ಕಣ್ಣು ಕಿಡಕಿಯಿಂದ ಆಚೆ ಎಲ್ಲಿಗೆ ಹೋಗುತ್ತದೆ ಎಂದು ನೋಡುತ್ತಿದ್ದ. ಪಂಪಾವತಿಯ ಕೆಮ್ಮು ಕಡಿಮೆಯಾಯಿತು. ಅದು ಕಡಿಮೆಯಾದದ್ದೂ ಅವನನ್ನು ಕಾಡಿತು: ಕಿಡಕಿ ಸಿಕ್ಕಿದ್ದಕ್ಕೆ ನಿಂತಿತೋ, ಹೊಗೆ ಹೋದದ್ದಕ್ಕೆ ನಿಂತಿತೋ? ಎರಡೂ ಒಂದೇ ಅಲ್ಲವೇ ಎಂದು ತನಗೆ ತಾನೇ ಹೇಳಿಕೊಂಡ. ಆದರೆ ಅಂಗಡಿಯಲ್ಲಿ ಕೂತರೆ, ಬಟ್ಟೆ ಹರಿಯುವ ಸದ್ದಿನ ನಡುವೆ, ಆ ಹಲಗೆಯ ಮೇಲೆ ಎರಡು ಮೊಣಕೈ ಕಾಣುತ್ತಿದ್ದವು.

ಕೆಲಸ ಮುಗಿದ ನಾಲ್ಕನೆಯ ದಿನ ಮಧ್ಯಾಹ್ನ ಅಂಗಡಿಗೆ ಬೀಗ ಹಾಕಿ ಹೊರಟ. ಮುಂದಿನ ಬೀದಿಯಿಂದ ಹೋದರೆ ಮನೆ ಹತ್ತಿರ. ಅವನ ಕಾಲು ಹಿಂದಿನ ಓಣಿಗೆ ತಿರುಗಿದವು. ಸಾಲಿ ಬಿಡುವ ಹೊತ್ತಲ್ಲ, ಮಾಸ್ತರನ ಕೋಣೆಗೆ ಬೀಗ ಹಾಕಿತ್ತು. ಅದನ್ನು ನೋಡಿ ಸಮಾಧಾನವಾಗಬೇಕಿತ್ತು, ನಿರಾಸೆಯಂಥದು ಏನೋ ಆಯಿತು. ಬೇವಿನ ಮರದ ಕಾಂಡದ ಪಕ್ಕ, ಮನೆಯಿಂದ ಅರ್ಧ ಮರೆಯಾಗಿ ನಿಂತ. ಕಿಡಕಿಯಲ್ಲಿ ಒಂದು ಹೆಂಗಸಿನ ಆಕಾರ ಇತ್ತು. ನೆರಳಿಗೆ ಕಣ್ಣು ಹೊಂದಿಕೊಂಡ ಮೇಲೆ ಗೊತ್ತಾಯಿತು, ಅವಳು ಅವ್ವ. ಎರಡೂ ಮೊಣಕೈ ಹಲಗೆಯ ಮೇಲೆ ಊರಿ, ಮುಖವನ್ನು ಗಾಳಿಗೆ ಒಡ್ಡಿ ನಿಂತಿದ್ದಳು. ಎಷ್ಟೋ ಹೊತ್ತು ಅವನು ಅಲುಗದೆ ನಿಂತ, ಅವಳೂ ನಿಂತಳು. ಹೊರಟುಬಿಡಬೇಕು ಎಂದು ಹೆಜ್ಜೆ ತೆಗೆಯುವಷ್ಟರಲ್ಲಿ ಅವಳು ಮಾತಾಡಿದಳು, ದನಿ ತಗ್ಗಿಸಿ, ಅವನು ಎಂದೂ ಕೇಳಿರದ ಸಲಿಗೆಯಲ್ಲಿ.

"ಹೊರಗ ಎಷ್ಟೊತ್ತು ನಿಲ್ತೀರಿ? ಯಾರೂ ಬಂದಿಲ್ಲ, ಯಾರೂ ಬರೂದೂ ಇಲ್ಲ. ಒಳಗ ಬರ್ರಿ." ಮತ್ತೆ, "ಹುಡುಗ ನೋಡಿದ್ರ ಅದನ್ನ ಕಲೀತಾನ" ಎಂದಳು.

ಈಶಪ್ಪ ಸುಮ್ಮನೆ ಹೋಗಿಬಿಡಬಹುದಿತ್ತು, ಅವಳಿಗೆ ಆಕಾರವಷ್ಟೇ ಕಾಣುತ್ತಿತ್ತು. ಒಳಗಿನಿಂದ ಪಂಪಾವತಿ, "ಯಾರ ಕೂಡ ಮಾತಾಡಾಕ್ಹತ್ತೀರಿ ಅತ್ತಿ?" ಎಂದು ಕೇಳುತ್ತ ಬರುತ್ತಿರುವುದು ಕೇಳಿಸಿತು. ಅವನು ಮರದ ಮರೆಯಿಂದ ಬಿಸಿಲಿಗೆ ಬಂದ.

"ಅವ್ವಾ, ನಾನು. ಈಶಪ್ಪ."

ಅವಳು ಕತ್ತು ಚಾಚಿ, ಮಂಜುಗಣ್ಣು ಕಿರಿದು ಮಾಡಿ ನೋಡಿದಳು. "ನೀನೇನು?" ಎಂದಳು. "ನಿಂತ ರೀತಿ ನೋಡಿ ನಿಮ್ಮಪ್ಪ ಅನ್ಕೊಂಡ್ನಿ."

ಪಂಪಾವತಿ ಬಂದು ಅತ್ತೆಯ ಪಕ್ಕದಲ್ಲಿ ನಿಂತಳು. ಕಂಬಿಗಳ ಹಿಂದಿನಿಂದ ಇಬ್ಬರೂ ಅವನನ್ನು ನೋಡಿದರು. ಯಾಕೆ ಬಂದಿರಿ ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಯಾವುದೋ ಒಂದು ಸುಳ್ಳು ಅವನ ಬಾಯಿಗೆ ಬರುತ್ತಿತ್ತು. ಈಶಪ್ಪ ಭಾರವನ್ನು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಬದಲಿಸಿದ, ಹಿಂದೆ ಕಟ್ಟಿಕೊಂಡಿದ್ದ ಕೈ ಬಿಡಿಸಿದ. ಬೇರೆ ಹೇಗೆ ನಿಲ್ಲಬೇಕೋ ಅವನಿಗೆ ತಿಳಿಯಲಿಲ್ಲ.